ಅಮ್ಮನ ಕೈಯಲ್ಲಿದ್ದ ಫೋನು: ಮನೆಗೆ ಮರಳಿದ ಮಗಳೊಬ್ಬಳ ಪ್ರಕರಣ

ಮನೆಯ ನಂಬರಿನಿಂದ ಕರೆ ಬಂದಾಗ ರಾತ್ರಿ ಹತ್ತು ದಾಟಿತ್ತು. ಅಮ್ಮನೇ ಇರಬೇಕು ಅಂದುಕೊಂಡು ಅವಳು "ಹೇಳಮ್ಮ" ಎಂದಳು. ಆ ಕಡೆ ಇದ್ದದ್ದು ಅಪ್ಪ.

"ನಿಮ್ಮಮ್ಮ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್."

"ಸರಿ."

ಆಮೇಲೆ ಇಬ್ಬರಿಗೂ ಏನು ಹೇಳಬೇಕೋ ತೋಚಲಿಲ್ಲ. "ಇಡ್ತೀನಿ" ಎಂದರು ಅಪ್ಪ.

ಮೊದಲ ಭೇಟಿಯಲ್ಲೇ ಅವಳು ಮೊಬೈಲ್ ತೆಗೆದು ಆ ಕರೆಯನ್ನು ನನಗೆ ತೋರಿಸಿದಳು. 41 ಸೆಕೆಂಡು. 12 ವರ್ಷಗಳಲ್ಲಿ ಅಪ್ಪ ಮಗಳು ನೇರವಾಗಿ ಮಾತಾಡಿದ್ದು ಅಷ್ಟೇ.

ನಾನು ಕುಟುಂಬ ಸಮಾಲೋಚಕಿ. ಗುರುತು ಸಿಗುವ ವಿವರಗಳನ್ನು ಇಲ್ಲಿ ತೆಗೆದಿದ್ದೇನೆ, ಕೆಲವನ್ನು ಬದಲಿಸಿದ್ದೇನೆ, ಇಂಥದ್ದೇ ಬೇರೆ ಮನೆಗಳ ಒಂದೆರಡು ಎಳೆ ಸೇರಿಸಿದ್ದೇನೆ. ಹೆಸರು ಬೇಡ. ಮಗಳು, ಅಪ್ಪ, ಅಮ್ಮ, ತಮ್ಮ ಅಂದರೆ ಸಾಕು. ಆ ಮನೆಯಲ್ಲೂ ಅವರು ಒಬ್ಬರನ್ನೊಬ್ಬರು ಅದಕ್ಕಿಂತ ಜಾಸ್ತಿಯಾಗಿ ನೋಡಿದ್ದು ಕಡಿಮೆ.

ಹಿನ್ನೆಲೆ

ಮಗಳಿಗೆ 41, ತಮ್ಮನಿಗೆ 35. ಅಪ್ಪ ಅಮ್ಮ ಇಬ್ಬರೂ ಎಪ್ಪತ್ತು ದಾಟಿದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗಳು ನಾಲ್ಕು ವರ್ಷ ತನ್ನ ಸಂಬಳದ ದೊಡ್ಡ ಪಾಲನ್ನು ಮನೆಗೆ ಕೊಟ್ಟಿದ್ದಳು. ತಮ್ಮನ ಓದಿಗೆ. ನಿವೃತ್ತಿಯ ಹಣ ಬಂದಾಗ ವಾಪಸ್ ಕೊಡುತ್ತೇನೆ ಎಂದು ಅಪ್ಪ ಹೇಳಿದ್ದರು. ಎಲ್ಲೂ ಬರೆದಿರಲಿಲ್ಲ. ಮನೆಯೊಳಗೆ ಯಾರು ಬರೆಯುತ್ತಾರೆ?

29ನೇ ವಯಸ್ಸಿಗೆ ಅವಳಿಗೆ ಸ್ವಂತದ್ದೇನಾದರೂ ಶುರು ಮಾಡುವ ಆಸೆ ಹುಟ್ಟಿತು. ಹಣ ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಪ್ಪ ಅಂದರಂತೆ: "ನಿನ್ನನ್ನ ಸಾಕಿದ್ದಕ್ಕೆ ನಾನು ಲೆಕ್ಕ ಇಟ್ಟಿದ್ದೀನಾ?" ಮಾರನೇ ದಿನ ಬೆಳಗ್ಗೆ ಅವಳು ಬ್ಯಾಗ್ ಹಿಡಿದು ಹೊರಟಳು. ಅಪ್ಪ ಕೋಣೆಯಿಂದ ಈಚೆಗೆ ಬರಲಿಲ್ಲ.

ಅದಾದ ಮೇಲೆ ಉಳಿದದ್ದು ಭಾನುವಾರದ ಫೋನು. ಪ್ರತಿ ವಾರ ಅಮ್ಮನ ಜೊತೆ ಕಾಲು ಗಂಟೆ. ಹಿಂದಿನಿಂದ ಅಪ್ಪನ ದನಿ ಕೇಳಿಸುತ್ತಿತ್ತು, "ಯಾರದು?" ಅಮ್ಮ, "ನಿಮಗಲ್ಲ ಬಿಡಿ" ಅನ್ನುತ್ತಿದ್ದರು. ಅಪ್ಪ ಹೇಗಿದ್ದಾರೆ, ಏನಂದರು, ಕೋಪ ಇಳಿಯಿತಾ ಎನ್ನುವುದೆಲ್ಲ ಅಮ್ಮನ ಬಾಯಿಂದಲೇ ಬರಬೇಕು. ಅಪ್ಪನಿಗೂ ಮಗಳ ಸುದ್ದಿ ಅದೇ ದಾರಿಯಲ್ಲಿ. ತಮ್ಮನಿಗೂ ಅಷ್ಟೇ.

ಇಂಥ ಪ್ರಕರಣ ಬಂದಾಗ ನಾನು ಮೊದಲು ಕೇಳುವುದು ಒಂದೇ. ಆ ಮನೆಯಲ್ಲಿ ಹೊಡೆತ ಬಡಿತ ಇತ್ತಾ? ಬೇರೆ ಯಾವುದಾದರೂ ದೌರ್ಜನ್ಯ? ಇತ್ತು ಅಂದರೆ ಮರಳುವ ಮಾತೇ ಬೇರೆ. ಎಷ್ಟೋ ಜನರಿಗೆ ದೂರ ಇರುವುದೇ ಸರಿಯಾದ ತೀರ್ಮಾನ, ಅವರನ್ನು ಮನೆಗೆ ತಳ್ಳುವುದು ಅನ್ಯಾಯ. ಇಲ್ಲಿ ಹಾಗಿರಲಿಲ್ಲ. ಮಾತು ಕಟುವಾಗಿತ್ತು, ಕೈ ಏಳುತ್ತಿರಲಿಲ್ಲ.

"ನಮ್ಮನೆ ಥರ ಬೇರೆ ಯಾರ ಮನೆಯೂ ಇರಲ್ಲ, ಅಲ್ವಾ?" ಎಂದು ಅವಳು ಕೇಳಿದ್ದಳು. ನಾಚಿಕೆಯ ಪ್ರಶ್ನೆ ಅದು. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅಮೆರಿಕದಲ್ಲಿ ಸಮೀಕ್ಷೆ ನಡೆಸಿ 2020ರಲ್ಲಿ ಪ್ರಕಟಿಸಿದರು. ವಯಸ್ಕರಲ್ಲಿ 27 ಶೇಕಡಾ ಜನ ತಮ್ಮ ಕುಟುಂಬದ ಯಾರೋ ಒಬ್ಬರ ಜೊತೆ ಸಂಪರ್ಕ ಕಡಿದುಕೊಂಡಿದ್ದಾರೆ ಎಂದು ಹೇಳಿದ್ದರು. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ. ಈ ಅಂಕಿ ಕೇಳಿ ಅವಳ ಭುಜ ಸ್ವಲ್ಪ ಇಳಿದಿದ್ದು ನನಗೆ ನೆನಪಿದೆ.

ಮೊದಲ ಸಲ ಹೋದದ್ದು, ಮತ್ತು ನನ್ನ ತಪ್ಪು

ಅಮ್ಮನ ಆಪರೇಷನ್ ದಿನ ಅವಳು ಹೋಗಲಿಲ್ಲ. ಹೊರಡಬೇಕು ಅಂದುಕೊಂಡೇ ಹತ್ತು ದಿನ ಕಳೆದಳು. ಅಷ್ಟರಲ್ಲಿ ನನ್ನ ಹತ್ತಿರ ಎರಡು ಸಲ ಬಂದಳು. ನಿಮಗೆ ಏನಾಗಬೇಕು ಎಂದು ಕೇಳಿದೆ. "ಹಾಗೆ ಅಂದಿದ್ದು ತಪ್ಪು ಅಂತ ಅಪ್ಪ ಒಂದೇ ಒಂದು ಸಲ ಹೇಳಬೇಕು. ದುಡ್ಡು ಬೇಡ."

ನಾನು ಹೇಳಿದೆ, ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ಆಗ ಮಾತು ದಾರಿ ತಪ್ಪಲ್ಲ.

ಅವಳು ನಾಲ್ಕು ಪುಟ ಬರೆದಳು. ಮೂರು ರಾತ್ರಿ ಇರುವ ಯೋಚನೆ ಇತ್ತು. ಎರಡನೇ ರಾತ್ರಿ, ಅಮ್ಮ ಮಲಗಿದ ಮೇಲೆ, ಅಪ್ಪನನ್ನೂ ತಮ್ಮನನ್ನೂ ಕೂರಿಸಿ ಓದಿದಳು. ಒಂದೂವರೆ ಪುಟ ಆಗುವಷ್ಟರಲ್ಲಿ ಅಪ್ಪ ಎದ್ದರು. "ನಾನು ಹಾಗೆ ಹೇಳೇ ಇಲ್ಲ" ಎಂದರು. ತಮ್ಮ, "ಅಮ್ಮ ಏಳೋಕೂ ಆಗದೆ ಬಿದ್ದಿದ್ದಾಳೆ. ನೀನು ಹಳೇ ಫೈಲು ಬಿಚ್ಚೋಕೆ ಬಂದ್ಯಾ?" ಅಂದ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಎಷ್ಟು ಜೋರಾಗಿ ಹಾಕಿದೆ ಗೊತ್ತಾ ಮೇಡಂ? ಹದಿನಾರನೇ ವಯಸ್ಸಲ್ಲಿ ಹಾಕ್ತಿದ್ನಲ್ಲ, ಹಾಗೇ."

ಈ ವಾಕ್ಯವನ್ನು ನನ್ನ ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿ ಬರೆದಿಟ್ಟೆ. ಕಚೇರಿಯಲ್ಲಿ ಇಪ್ಪತ್ತು ಜನರನ್ನು ನಡೆಸುವ ಹೆಂಗಸು, ಆ ಹೊಸ್ತಿಲು ದಾಟಿದ ಒಂದೂವರೆ ದಿನಕ್ಕೆ ಹದಿನಾರು ವರ್ಷದವಳಾಗಿದ್ದಳು. ಅಪ್ಪನೂ ಆ ಕಾಲದ ಅಪ್ಪನೇ ಆಗಿದ್ದರು. ಮನೆ ಎನ್ನುವುದು ವಿಚಿತ್ರ ಜಾಗ. ಅದು ನಮ್ಮ ಹಳೇ ಅಳತೆಯನ್ನು ಹಾಗೇ ಇಟ್ಟುಕೊಂಡಿರುತ್ತದೆ, ನಾವು ಹೋಗಿ ಅದಕ್ಕೇ ಹೊಂದಿಕೊಂಡುಬಿಡುತ್ತೇವೆ.

ಮಾರನೇ ದಿನ ಬೆಳಗ್ಗೆಯೇ ಅವಳು ಹೊರಟಳು. ತಪ್ಪು ನನ್ನದೂ ಹೌದು. ಹನ್ನೆರಡು ವರ್ಷ ಒಂದು ಮಾತೂ ಆಡದ ಇಬ್ಬರ ನಡುವೆ ಮೊದಲ ಮಾತೇ ಆರೋಪಪಟ್ಟಿ ಆದರೆ ಏನಾಗಬೇಕೋ ಅದೇ ಆಯಿತು. ಕೆಳಗೆ ನೆಲ ಇಲ್ಲದೆ ನಾನು ಗೋಡೆ ಎಬ್ಬಿಸಲು ಹೇಳಿದ್ದೆ.

ಇನ್ನೊಂದು ವಿಷಯವನ್ನೂ ನಾನು ಮುಂಚೆ ಹೇಳಿಕೊಡಬೇಕಿತ್ತು. ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಒಂದು ಲೆಕ್ಕ ಕೊಡುತ್ತಾರೆ. ಎದೆಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಆ ಮನುಷ್ಯನಿಗೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಇಳಿಯಲು ಕಡಿಮೆ ಅಂದರೂ 20 ನಿಮಿಷ ಬೇಕು. ಆ ರಾತ್ರಿ ಅಲ್ಲಿದ್ದ ಮೂವರೂ ನೂರು ದಾಟಿದ್ದರು ಅನ್ನುವುದಕ್ಕೆ ಯಂತ್ರ ಬೇಕಾಗಿಲ್ಲ.

ನಕ್ಷೆ

ಮುಂದಿನ ಭೇಟಿಯಲ್ಲಿ ಮಾತು ಕಡಿಮೆ ಮಾಡಿ ಒಂದು ಹಾಳೆ ಕೊಟ್ಟೆ. ನಾಲ್ಕು ಜನರನ್ನು ನಾಲ್ಕು ವೃತ್ತವಾಗಿ ಬರೆಯಿರಿ. ಯಾರು ಯಾರ ಜೊತೆ ನೇರವಾಗಿ ಮಾತಾಡುತ್ತಾರೋ ಅಲ್ಲಿ ಗೆರೆ ಎಳೆಯಿರಿ. ಇನ್ನೊಬ್ಬರ ಮೂಲಕ ಆದರೆ ಎಳೆಯಬೇಡಿ.

ಅವಳು ಎಳೆದ ಗೆರೆಗಳೆಲ್ಲ ಅಮ್ಮನ ವೃತ್ತಕ್ಕೇ ಹೋಗಿ ಸೇರಿದವು. ಅಪ್ಪನಿಗೂ ಮಗನಿಗೂ ಒಂದೇ ಸೂರು, ಅವರ ನಡುವೆಯೂ ಗೆರೆ ಇರಲಿಲ್ಲ. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ ಅವಳು ಅಂದಳು, "ಅಮ್ಮ ಬಿದ್ದಳು ಅಂತಲೇ ಅಪ್ಪ ಫೋನ್ ಮಾಡಿದ್ದು, ಅಲ್ವಾ? ಇಲ್ಲಾಂದ್ರೆ ಅವಳೇ ಮಾಡ್ತಿದ್ಳು."

ನನಗೆ ಪ್ರಕರಣ ಅರ್ಥವಾಗಿದ್ದು ಆಗ. ಜಗಳ ಅಪ್ಪ ಮಗಳದ್ದು ಹೌದು. ಆದರೆ ಅದು ಇಷ್ಟು ವರ್ಷ ಕೆಡದೆ ಉಳಿದದ್ದು ನಡುವಿನ ಫೋನಿನಿಂದ.

ಇಲ್ಲಿ ಮರ್ರೆ ಬೋವೆನ್ ನೆನಪಾಗುತ್ತಾರೆ. ಅಮೆರಿಕದ ಮನೋವೈದ್ಯರು, 1913ರಿಂದ 1990ರವರೆಗೆ ಬದುಕಿದ್ದವರು. 1950ರ ದಶಕದಲ್ಲಿ ರೋಗಿಯೊಬ್ಬರನ್ನೇ ಅಲ್ಲದೆ ಇಡೀ ಕುಟುಂಬವನ್ನು ಆಸ್ಪತ್ರೆಯ ವಾರ್ಡಿನಲ್ಲಿ ಇರಿಸಿಕೊಂಡು ಗಮನಿಸಿದವರು. ಅವರು ಹೇಳಿದ್ದು ಇಷ್ಟು. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರು ಒಳಗೆ ಬರುತ್ತಾರೆ, ತ್ರಿಕೋನ ಆಗುತ್ತದೆ, ಬಿಸಿ ತಾತ್ಕಾಲಿಕವಾಗಿ ಇಳಿಯುತ್ತದೆ. ಆದರೆ ಮೊದಲಿನ ಇಬ್ಬರ ಸಮಸ್ಯೆ ಅಲ್ಲೇ ಹೆಪ್ಪುಗಟ್ಟುತ್ತದೆ. ಮನೆ ಬಿಟ್ಟು ಓಡಿಹೋದವರ ಬಗ್ಗೆಯೂ ಬೋವೆನ್‌ದು ಕಠಿಣ ಮಾತು. ಮನೆಗೆ ಅಂಟಿಕೊಂಡೇ ಇರುವವನಷ್ಟೇ ಓಡಿಹೋದವನಿಗೂ ಆ ಮನೆಯ ಕಟ್ಟು ಬಿಟ್ಟಿರುವುದಿಲ್ಲ ಎನ್ನುತ್ತಾರೆ. ಇದನ್ನು ಹೇಳಿದಾಗ ಅವಳಿಗೆ ಸಿಟ್ಟು ಬಂತು. ಬರಲಿ ಎಂದುಕೊಂಡೆ.

ಬೋವೆನ್ ಇದನ್ನು ಮೊದಲು ಪ್ರಯೋಗ ಮಾಡಿದ್ದು ತಮ್ಮ ಮೇಲೇ ಎನ್ನುವುದು ನನಗೆ ಇಷ್ಟದ ಸಂಗತಿ. ಐವರು ಮಕ್ಕಳಲ್ಲಿ ಹಿರಿಯರಾದ ಅವರು 1966ರಲ್ಲಿ, ಐವತ್ತು ದಾಟಿದ ಮೇಲೆ, ಲೆಕ್ಕ ಹಾಕಿಕೊಂಡು ತಮ್ಮ ತವರಿಗೆ ಹೋದರು. ಯಾರ ಪಕ್ಷವನ್ನೂ ಹಿಡಿಯದೆ, ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡುವುದು ಅವರ ಗುರಿ. 1967ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವೃತ್ತಿಪರರ ಸಭೆಯಲ್ಲಿ ಸಿದ್ಧಾಂತದ ಭಾಷಣ ಬಿಟ್ಟು ಆ ಭೇಟಿಯ ಕಥೆಯನ್ನೇ ಹೇಳಿದರು. 1972ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರಿನ ಜಾಗದಲ್ಲಿ ಅನಾಮಿಕ ಎಂದಿತ್ತು. ಮನೆಯ ವಿಷಯ ಹೊರಗೆ ಹೇಳುವುದು ಮನೋವೈದ್ಯರಿಗೂ ಸುಲಭ ಅಲ್ಲ ನೋಡಿ.

ಎರಡನೇ ಸಲ: ವಿಷಯ ಇಲ್ಲದ ಭೇಟಿ

ಐದು ವಾರ ಬಿಟ್ಟು ಮತ್ತೆ ಹೋಗುವುದು ಎಂದಾಯಿತು. ಈ ಸಲ ನಾಲ್ಕು ಪುಟ ಇಲ್ಲ. ಹಳೇ ಮಾತು ಇಲ್ಲ. ಎರಡೇ ದಿನ. ಉಳಿಯುವುದು ಮನೆಯಲ್ಲಲ್ಲ, ಹತ್ತಿರದಲ್ಲೇ ಒಂದು ರೂಮು. ಇದಕ್ಕೆ ಅಮ್ಮನಿಗೆ ತುಂಬಾ ಬೇಜಾರಾಯಿತು. "ಮನೆ ಇರುವಾಗ ಹೊರಗೆ ಮಲಗೋದಾ? ಯಾರಾದರೂ ಕೇಳಿದರೆ ಏನು ಹೇಳಲಿ?" ಮಗಳು, "ನನಗೆ ಚೆನ್ನಾಗಿ ನಿದ್ದೆ ಬಂದರೆ ನಿನ್ನ ಜೊತೆ ಚೆನ್ನಾಗಿ ಇರ್ತೀನಿ ಅಮ್ಮ" ಎಂದಳು. ಉತ್ತರ ನನ್ನದಲ್ಲ, ಅವಳದೇ. ಎದ್ದು ಹೋಗಲು ಒಂದು ಜಾಗ ಇದ್ದರೆ ಬಾಗಿಲು ಜೋರಾಗಿ ಹಾಕಬೇಕಾಗುವುದಿಲ್ಲ.

ಇನ್ನೊಂದು ನಿಯಮ ಹಾಕಿಕೊಂಡಳು. ಅಪ್ಪನ ಬಗ್ಗೆ ಏನೇ ತಿಳಿಯಬೇಕಿದ್ದರೂ ಅಪ್ಪನನ್ನೇ ಕೇಳುವುದು. ಅಮ್ಮನನ್ನು ಕೇಳುವಂತಿಲ್ಲ. "ಅಪ್ಪನಿಗೆ ಹೀಗೆ ಹೇಳು" ಅನ್ನುವಂತಿಲ್ಲ.

ಹೇಳುವಾಗ ಸಣ್ಣ ವಿಷಯ. ಮೊದಲ ಒಂದು ಗಂಟೆಯಲ್ಲೇ ಮೂರು ಸಲ ನಾಲಿಗೆ ಕಚ್ಚಿಕೊಂಡಳಂತೆ.

ಅಪ್ಪನ ಜೊತೆ ಕೂರಲು ಮಾತಿಗಿಂತ ಕೆಲಸ ಒಳ್ಳೆಯದು ಎಂದು ಮೊದಲೇ ಯೋಚಿಸಿದ್ದೆವು. ಅಮ್ಮನ ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ವಿಮೆಯ ಕಾಗದ ಎಲ್ಲ ಒಂದು ಚೀಲದಲ್ಲಿ ಕಲಸಿಹೋಗಿದ್ದವು. ಅದನ್ನು ಜೋಡಿಸೋಣವಾ ಎಂದು ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ. ಕನ್ನಡಕ ತಂದರು. ಮೂರು ಗಂಟೆ ಇಬ್ಬರೂ ಕಾಗದ ಜೋಡಿಸಿದರು. "ಇದು ಯಾವ ತಾರೀಖು?" "ಹದಿನಾಲ್ಕು." "ಹಾಗಾದ್ರೆ ಕೆಳಗಿಡು." ಇಷ್ಟೇ ಸಂಭಾಷಣೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ, ಕಣ್ಣು ಕಾಗದದ ಮೇಲೆ. ನನ್ನ ಅನುಭವದಲ್ಲಿ ಮಾತು ಒಣಗಿಹೋದ ಮನೆಗಳಿಗೆ ಇದೇ ಒಳ್ಳೆ ದಾರಿ. ಎದುರುಬದುರು ಕೂರಿಸಿದರೆ ವಿಚಾರಣೆ ಆಗುತ್ತದೆ. ಪಕ್ಕಪಕ್ಕ ಕೂತರೆ ಕೆಲಸ ಆಗುತ್ತದೆ, ನಡುವೆ ಒಂದೆರಡು ಮಾತು ತಾನಾಗಿ ಉದುರುತ್ತದೆ.

ಉದುರಿದ ಮಾತು

ಉದುರಿದ್ದು ಮೂರನೇ ಭೇಟಿಯಲ್ಲಿ. ಮತ್ತೆ ಕಾಗದವೇ. ಈ ಸಲ ಹಳೆಯ ಪೆಟ್ಟಿಗೆ. ಅಪ್ಪ ತಲೆ ಎತ್ತದೆ ಅಂದರು, "ನೀನು ಹೋದ ವರ್ಷವೇ ಬಾ ಅಂತ ಹೇಳಿ ಕಳಿಸಿದ್ದೆ. ನಿನಗೇ ಬರೋ ಮನಸ್ಸಿರಲಿಲ್ಲ."

ಅವಳಿಗೆ ಆ ವರ್ಷ ತಲುಪಿದ್ದ ಮಾತು ಬೇರೆ. "ಅಪ್ಪನ ಕೋಪ ಇನ್ನೂ ಇಳಿದಿಲ್ಲ, ಸ್ವಲ್ಪ ದಿನ ಬಿಟ್ಟು ಬಾ."

ಆಮೇಲೆ ಇಬ್ಬರೂ ಒಂದೊಂದೇ ಹೊರಗೆ ತೆಗೆದರು. ಅವಳಿಗೆ ಬಡ್ತಿ ಸಿಕ್ಕಿದಾಗ ಅಪ್ಪನಿಗೆ ಹೇಳು ಎಂದಿದ್ದಳು. ಅಪ್ಪನಿಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ ಕಣ್ಣಿನ ಆಪರೇಷನ್ ಆದಾಗ ಅವಳಿಗೆ ತಿಳಿಸು ಎಂದಿದ್ದರು. ಅವಳಿಗೆ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ, ಅದೂ "ಸಣ್ಣದು, ನೀನು ಬರೋದೇನೂ ಬೇಡ" ಎಂಬ ಬಾಲದ ಜೊತೆ. ಹನ್ನೆರಡು ವರ್ಷ ಇಬ್ಬರೂ ಓದಿದ್ದು ಅಮ್ಮ ತಿದ್ದಿದ ಪ್ರತಿಯನ್ನು.

ಅವಳು ಮಹಡಿಗೆ ಹೋಗಿ ನನಗೆ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. ಈಗಲೇ ಕೆಳಗೆ ಹೋಗಿ ಅಮ್ಮನನ್ನು ಕೇಳಬೇಕು ಎಂದಳು. ಒಂದು ರಾತ್ರಿ ಬಿಡಿ ಎಂದೆ. ಕೇಳಲೇಬೇಡಿ ಅನ್ನಲಿಲ್ಲ. ಆದರೆ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಬೇಡಿ. ಹಾಗೆ ಕೇಳಿದರೆ ತ್ರಿಕೋನ ಹಾಗೇ ಇರುತ್ತದೆ, ಮೂಲೆಯಲ್ಲಿ ನಿಂತವರು ಮಾತ್ರ ಬದಲಾಗುತ್ತಾರೆ.

ಮಾರನೇ ದಿನ ಅಮ್ಮ ವಾಕರ್ ಹಿಡಿದು ನಡೆಯುವ ಅಭ್ಯಾಸ ಮಾಡುವಾಗ, ಇಬ್ಬರೇ ಇದ್ದಾಗ, ಕೇಳಿದಳು. ಅಮ್ಮ ನಿಂತರು. ಅಳಲಿಲ್ಲ, ಅಲ್ಲಗಳೆಯಲೂ ಇಲ್ಲ.

"ನೀವಿಬ್ಬರೂ ಎದುರಾಬದುರಾಗಿದ್ದರೆ ನನ್ನ ಮನೆ ಉಳೀತಿತ್ತಾ?"

ಈ ಪ್ರಕರಣದಲ್ಲಿ ಖಳ ಬೇಕು ಅನ್ನುವವರಿಗೆ ಅಮ್ಮ ಸುಲಭವಾಗಿ ಸಿಗುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಹನ್ನೆರಡು ವರ್ಷದ ಹಿಂದಿನ ಆ ಜಗಳವನ್ನು ಆಕೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದರು. ಇನ್ನೊಂದು ಅಂಥದ್ದು ನಡೆದರೆ ಭಾನುವಾರದ ಫೋನೂ ನಿಲ್ಲುತ್ತದೆ ಎಂಬ ಭಯ. ಆ ಭಯ ಸುಳ್ಳಲ್ಲ. ಜೊತೆಗೆ, ಗಂಡ, ಮಗಳು, ಮಗ ಮೂವರಿಗೂ ತಾನೇ ಬೇಕು ಎನ್ನುವ ಸ್ಥಿತಿಯಲ್ಲಿ ಒಂದು ಬೆಲೆ ಇರುತ್ತದೆ. ಬೇರೆಲ್ಲೂ ಸಿಗದ ಬೆಲೆ ಅದು. ಅದನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ?

ಬಿಟ್ಟುಕೊಡಲಿಲ್ಲ. ಮಗಳು ಅಪ್ಪನಿಗೆ ನೇರವಾಗಿ ಫೋನ್ ಮಾಡಲು ಶುರು ಮಾಡಿದ ಮೇಲೆ ಅಮ್ಮನ ಸೊಂಟದ ನೋವು ಜಾಸ್ತಿಯಾಯಿತು. ವೈದ್ಯರು ನೋಡಿ ಮೂಳೆ ಚೆನ್ನಾಗಿ ಕೂಡುತ್ತಿದೆ ಎಂದರು. ಭಾನುವಾರದ ಕರೆಯಲ್ಲಿ, "ಈಗ ನಿಮ್ಮಪ್ಪನ ಹತ್ರವೇ ಮಾತಾಡ್ತೀಯಲ್ಲ, ನಾನ್ಯಾಕೆ ಬೇಕು?" ಎಂದರು. ಇನ್ನೊಂದು ದಿನ, "ಅವರ ಬಿಪಿ ಏರಿದೆ. ನೀನು ಫೋನ್ ಮಾಡಿದ ದಿನವೇ ಏರೋದು." ಒಬ್ಬರು ಬದಲಾದರೆ ಮನೆ ಮೂರು ಹಂತದಲ್ಲಿ ಎಳೆಯುತ್ತದೆ ಎಂದು ಬೋವೆನ್ ಬರೆದಿದ್ದರು. ನೀನು ಮಾಡುತ್ತಿರುವುದು ತಪ್ಪು, ಮೊದಲಿನ ಹಾಗೇ ಇರು, ಇಲ್ಲದಿದ್ದರೆ ಏನಾಗುತ್ತೆ ನೋಡು. ಬಿಪಿಯ ಮಾತು ಮೂರನೇ ಹಂತದ್ದು.

ಮಗಳು ಎರಡು ಸಲ ಸೋತಳು. ಒಂದು ತಿಂಗಳು ಅಪ್ಪನಿಗೆ ಫೋನ್ ಮಾಡುವುದನ್ನೇ ಬಿಟ್ಟಳು. ಮತ್ತೆ ಶುರು ಮಾಡಿದಳು. ಅಮ್ಮನ ಕರೆಯನ್ನೂ ಬಿಡಲಿಲ್ಲ, ಆದರೆ ಅದರ ಹೂರಣ ಬದಲಾಯಿಸಿದಳು. ಅಮ್ಮನಿಂದ ಬೇರೆಯವರ ಸುದ್ದಿ ಕೇಳುವ ಬದಲು ಅಮ್ಮನದ್ದನ್ನೇ ಕೇಳಿದಳು. ಚಿಕ್ಕವಳಿದ್ದಾಗ ಯಾರ ಜೊತೆ ಆಡುತ್ತಿದ್ದೆ? ಶಾಲೆ ಬಿಟ್ಟಿದ್ದು ಏಕೆ? ಮೊದಲ ಮೂರು ಭಾನುವಾರ ಅಮ್ಮ ಸುತ್ತಿ ಬಳಸಿ ಅಪ್ಪನ ಬಿಪಿಗೇ ಬಂದರು. ನಾಲ್ಕನೇ ಭಾನುವಾರ ಶಾಲೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಮಗಳಿಗೆ ಮೊದಲೇ ಗೊತ್ತಿದ್ದ ಒಂದು ಸಂಗತಿಯೂ ಇರಲಿಲ್ಲ.

ತಮ್ಮ

ಮನೆಗೆ ಮರಳುವವರೆಲ್ಲ ಅಪ್ಪ ಅಮ್ಮನ ಬಗ್ಗೆ ತಯಾರಿ ಮಾಡಿಕೊಂಡು ಹೋಗುತ್ತಾರೆ. ಅಲ್ಲೇ ಉಳಿದ ಒಡಹುಟ್ಟಿದವರನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ.

ತಮ್ಮ ಮೊದಲಿಂದಲೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನಾಲ್ಕನೇ ಭೇಟಿಯ ಕೊನೆಗೆ ಒಡೆದುಕೊಂಡ. "ನೀನು ಬರ್ತೀಯ, ಮೂರು ದಿನ ಇರ್ತೀಯ. ಅಪ್ಪ ಮೆತ್ತಗಾಗ್ತಾರೆ, ಅಮ್ಮ ನಗ್ತಾಳೆ. ಮಿಕ್ಕ ಮುನ್ನೂರ ಅರವತ್ತೆರಡು ದಿನ ಇರೋನು ನಾನು. ಆಪರೇಷನ್ ದಿನ ಎಲ್ಲಿದ್ದೆ ನೀನು?"

ಮಗಳು ನನ್ನ ಮುಂದೆ ಇದನ್ನು ಹೇಳುವಾಗ ಕುದಿಯುತ್ತಿದ್ದಳು. ಅವನ ಓದು ನನ್ನ ದುಡ್ಡು. ಅದು ಅವನಿಗೆ ಗೊತ್ತೇ ಇಲ್ಲ. ಹೇಳಿಬಿಡಲಾ?

ಹೇಳಿದರೆ ಏನಾಗಬೇಕು ನಿಮಗೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಅವನ ಬಾಯಿ ಮುಚ್ಚಬೇಕು" ಎಂದಳು ಕೊನೆಗೆ. ಹಾಗಾದರೆ ಈಗ ಬೇಡ ಅಂತ ಅವಳೇ ತೀರ್ಮಾನಿಸಿದಳು.

ಇವಾನ್ ಬೋಸೋರ್ಮೆನಿ ನಾಜ್ ಎಂಬ ಹಂಗೇರಿ ಮೂಲದ ಮನೋವೈದ್ಯರಿದ್ದರು. ಪ್ರತಿ ಕುಟುಂಬದಲ್ಲೂ ಕಣ್ಣಿಗೆ ಕಾಣದ ಒಂದು ಲೆಕ್ಕದ ಪುಸ್ತಕ ಇರುತ್ತದೆ ಎನ್ನುವುದು ಅವರ ವಾದ. ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ಬರಬೇಕು ಅನ್ನುವುದನ್ನು ಎಲ್ಲರೂ ಒಳಗೊಳಗೇ ಬರೆಯುತ್ತಿರುತ್ತಾರೆ. ಇಲ್ಲಿ ಅಕ್ಕ ಬರೆದದ್ದು ದುಡ್ಡಿನಲ್ಲಿ, ತಮ್ಮ ಬರೆದದ್ದು ವರ್ಷಗಳಲ್ಲಿ. ಒಂದನ್ನು ಇನ್ನೊಂದರಿಂದ ಕಳೆಯಲು ಬರುವುದಿಲ್ಲ. ಅಪ್ಪ "ಲೆಕ್ಕ ಇಟ್ಟಿದ್ದೀನಾ" ಎಂದು ಕೇಳಿದ್ದ ಮನೆಯಲ್ಲಿ ಎಲ್ಲರೂ ಲೆಕ್ಕ ಇಟ್ಟಿದ್ದರು ಎನ್ನುವುದು ತಮಾಷೆಯಾಗಿತ್ತು, ಸ್ವಲ್ಪ ಕಹಿ ತಮಾಷೆ.

ಕ್ಷಮೆ, ಧನ್ಯವಾದದ ಮಾತಿಗೆ ನಾವು ಹೋಗಲಿಲ್ಲ. ತಮ್ಮನಿಗೆ ಬೇಕಾಗಿದ್ದು ರಜೆ. ತಿಂಗಳಿಗೆ ಒಂದು ಶನಿವಾರ ಭಾನುವಾರ ಅಕ್ಕ ಬಂದು ಇರುತ್ತಾಳೆ, ಅವನು ಎಲ್ಲಿಗಾದರೂ ಹೋಗಬಹುದು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ವಿಮೆಯ ಓಡಾಟ ಇನ್ನು ಅವಳ ಜವಾಬ್ದಾರಿ, ದೂರದಿಂದಲೇ ನೋಡಿಕೊಳ್ಳುವಂಥದ್ದು. ಮೊದಲ ತಿಂಗಳು ಅವನು ಹೋಗಲೇ ಇಲ್ಲ. ಮನೆಯಲ್ಲೇ ಕೂತು ಅಕ್ಕ ಮಾತ್ರೆ ಸರಿಯಾಗಿ ಕೊಡುತ್ತಾಳಾ ಅಂತ ಕಾದು ನೋಡಿದ. ಎರಡನೇ ತಿಂಗಳು ಮಧ್ಯಾಹ್ನ ಹೋಗಿ ಸಂಜೆ ಬಂದ. ಮೂರನೇ ತಿಂಗಳು ಎರಡು ದಿನ ಹೋದ. ಫೋನ್ ಕೂಡ ಮಾಡಲಿಲ್ಲ.

ಆ ಮೇಲೆ ಒಂದು ದಿನ ಅಮ್ಮನ ತಪಾಸಣೆ ಮುಗಿಯುವವರೆಗೆ ಇಬ್ಬರೂ ಆಸ್ಪತ್ರೆಯ ಹೊರಗೆ ಕೂತಿದ್ದಾಗ ಅವಳು ದುಡ್ಡಿನ ವಿಷಯ ಹೇಳಿದಳು. ಈ ಸಲ ಬಾಯಿ ಮುಚ್ಚಿಸಲು ಅಲ್ಲ. ಯಾಕೆ ಹೇಳಿದೆ ಅಂತ ನನಗೂ ಗೊತ್ತಿಲ್ಲ ಎಂದಳು.

ತಮ್ಮ, "ಗೊತ್ತು" ಅಂದ. ಕಾಲೇಜಿನ ಎರಡನೇ ವರ್ಷದಿಂದಲೂ ಗೊತ್ತಿತ್ತಂತೆ. "ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ."

ನಾವಿಬ್ಬರೂ ಅವನ ಮೌನವನ್ನು ಕೊಬ್ಬು ಅಂದುಕೊಂಡಿದ್ದೆವು. ಟಿಪ್ಪಣಿಯಲ್ಲಿ ನಾನು ಹಾಗೇ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ.

ಆಗದೆ ಉಳಿದದ್ದು

ಅಪ್ಪ ಆ ಮಾತನ್ನು ಒಪ್ಪಿಕೊಂಡಿಲ್ಲ. ಒಂದು ಸಲ ಮಗಳು ಮೆತ್ತಗೆ ಕೇಳಿದಾಗಲೂ "ನಾನು ಹಾಗೆ ಅಂದಿರಲಿಕ್ಕಿಲ್ಲ" ಎಂದರು. ಮೊದಲು "ಹೇಳೇ ಇಲ್ಲ" ಎಂದಿದ್ದರು, ಈಗ "ಅಂದಿರಲಿಕ್ಕಿಲ್ಲ". ಅವಳು ಈ ವ್ಯತ್ಯಾಸವನ್ನು ಗಮನಿಸಿದ್ದಳು. ಸುಳ್ಳು ಹೇಳುತ್ತಿದ್ದಾರಾ, ನಿಜವಾಗಿ ಮರೆತಿದ್ದಾರಾ? ಅವರಿಗೆ ನೆನಪಿರುವುದು ಬೇರೆ. ಅವಳು ಹೇಳದೆ ಹೊರಟಳು ಎನ್ನುವುದು. ಕೋಣೆಯಲ್ಲಿ ಕೂತು ಅವಳು ಬಂದು ಬಾಗಿಲು ತಟ್ಟುತ್ತಾಳೆ ಎಂದು ಕಾದರಂತೆ. ಅವಳು ಅಪ್ಪ ಈಚೆಗೆ ಬರುತ್ತಾರೆ ಎಂದು ಹೊರಗೆ ಕಾದಿದ್ದಳು.

ನೆನಪು ಎನ್ನುವುದು ತೆಗೆದಿಟ್ಟ ಫೋಟೊ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕಥೆ ಎಂದು ಬ್ರಿಟಿಷ್ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು. ಅವಳು ಆ ವಾಕ್ಯವನ್ನು ಹನ್ನೆರಡು ವರ್ಷ ದಿನಾ ಕಟ್ಟಿದಳು. ಅಪ್ಪ ಕಟ್ಟಲೇ ಇಲ್ಲ. ಪಿಲ್ಲೆಮರ್ ತಮ್ಮ ಕೆಲಸದಲ್ಲಿ ರಾಜಿಯಾದ ಜನರನ್ನೂ ಮಾತಾಡಿಸಿದ್ದರು. ನಡೆದದ್ದು ಇದೇ ಎಂದು ಎದುರಿನವರನ್ನು ಒಪ್ಪಿಸುವ ಹಟವನ್ನು ಬಿಟ್ಟಿದ್ದೇ ತಮಗೆ ದಾರಿಯಾಯಿತು ಎಂದು ಅವರಲ್ಲಿ ಹಲವರು ಹೇಳಿದ್ದರು. ಇದನ್ನು ನಾನು ಅವಳಿಗೆ ಹೇಳಿದಾಗ, "ಹೇಳೋಕೆ ಸುಲಭ ಮೇಡಂ" ಅಂದಳು. ಹೌದು, ಸುಲಭ. ಅವಳು ಪೂರ್ತಿ ಬಿಟ್ಟಿಲ್ಲ ಅಂತ ನನಗೆ ಗೊತ್ತು. ಹಣದ ಮಾತು ಅಪ್ಪನ ಜೊತೆ ಇವತ್ತಿಗೂ ಬಂದಿಲ್ಲ.

ಹತ್ತು ತಿಂಗಳು, 14 ಭೇಟಿ ನನ್ನ ಜೊತೆ. ಮನೆಗೆ ಅವಳು ಹೋಗಿದ್ದು ಎಂಟು ಸಲ. ಐದನೇ ಸಲದಿಂದ ಮನೆಯಲ್ಲೇ ಮಲಗುತ್ತಿದ್ದಾಳೆ. ಅವಳ ಹಳೇ ಕೋಣೆಯಲ್ಲಿ ತುಂಬಿದ್ದ ಸಾಮಾನನ್ನು ತಮ್ಮ ಒಂದು ಬದಿಗೆ ಸರಿಸಿ ಮಂಚಕ್ಕೆ ಜಾಗ ಮಾಡಿದ್ದಾನೆ. ಪೂರ್ತಿ ಖಾಲಿ ಮಾಡಿಲ್ಲ.

ಕೊನೆಯ ಭೇಟಿಯಲ್ಲಿ ಅವಳು ಮತ್ತೆ ಮೊಬೈಲ್ ತೋರಿಸಿದಳು. ಹಿಂದಿನ ವಾರದ ಕರೆ, ಅಪ್ಪನೇ ಮಾಡಿದ್ದು, ನಾಲ್ಕು ನಿಮಿಷ ಚಿಲ್ಲರೆ. ವಿಮೆ ಕಂಪನಿಯವರು ಒಂದು ಬಿಲ್ಲು ವಾಪಸ್ ಕಳಿಸಿದ್ದರಂತೆ, ಅದರ ಬಗ್ಗೆ. ನಡುವೆ ಹಿಂದಿನಿಂದ ಅಮ್ಮ, "ಯಾರ್ರೀ ಅದು?" ಎಂದು ಕೇಳಿದ್ದಾರೆ. ಅಪ್ಪ, "ನಿನಗಲ್ಲ" ಎಂದಿದ್ದಾರೆ. ಆಮೇಲೆ ಸ್ವಲ್ಪ ತಡೆದು, "ಮಾತಾಡ್ತೀಯಾ?" ಎಂದು ಕೇಳಿ ಫೋನು ಕೊಟ್ಟರಂತೆ.

ಬಿಲ್ಲು ಇನ್ನೂ ಪಾಸಾಗಿಲ್ಲ. ಮುಂದಿನ ತಿಂಗಳು ಹೋದಾಗ ಇಬ್ಬರೂ ಕೂತು ಅದಕ್ಕೆ ಪತ್ರ ಬರೆಯಬೇಕು.